ಕೋಟೆ ಬಿದ್ದ ಜಾಗದಲ್ಲಿ ಚಿತ್ರದ ಗೋಡೆ

ಮುಂಬೈಯ ಫೋರ್ಟ್‌ನಲ್ಲಿ ಈಗ ಕೋಟೆ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯವರು ಊರಿನ ಸುತ್ತ ಎಬ್ಬಿಸಿದ್ದ ಗೋಡೆಗಳನ್ನು 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೆಡವಿಸಿದ. ಗೋಡೆ ಹೋಯಿತು, ಹೆಸರುಗಳು ಉಳಿದವು. ಚರ್ಚ್‌ಗೇಟ್ ಎನ್ನುವಲ್ಲಿ ಇಂದು ಬಾಗಿಲಿಲ್ಲ, ರಾಂಪಾರ್ಟ್ ರೋ ಎನ್ನುವಲ್ಲಿ ಕೊತ್ತಲವಿಲ್ಲ. ಆದರೆ ಆ ರಾಂಪಾರ್ಟ್ ರೋ ಬೀದಿಯಲ್ಲೇ, ಹಳೆಯ ಕೋಟೆ ಮುಗಿಯುತ್ತಿದ್ದ ಅಂಚಿನಲ್ಲೇ, ಭಾರತದ ಆಧುನಿಕ ಚಿತ್ರಕಲೆ ತನಗೊಂದು ಜಾಗ ಹುಡುಕಿಕೊಂಡಿತು.

ಮುಂಬೈ ಮಹಾನಗರದ ಒಳಗೆ ಫೋರ್ಟ್ ಒಂದು ಚಿಕ್ಕ ಊರು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಕಾಲಾ ಘೋಡಾ ತನಕ ಬೀಸುಗಾಲು ಹಾಕಿದರೆ ಅರ್ಧ ಗಂಟೆಯ ದಾರಿ. ನೋಡುತ್ತಾ ನಡೆದರೆ ಒಂದು ಹಗಲು ಸಾಲದು. ಕರ್ನಾಟಕದಿಂದ ಹೋದವರಿಗೆ ಈ ದಾರಿಯಲ್ಲಿ ಇನ್ನೂ ಒಂದು ಅಚ್ಚರಿ ಕಾದಿರುತ್ತದೆ. ಇಲ್ಲಿನ ಕಲ್ಲಿನಲ್ಲಿ, ಗುಮ್ಮಟದಲ್ಲಿ, ಗೆರೆಯಲ್ಲಿ ನಮ್ಮ ನೆಲ ಮತ್ತೆ ಮತ್ತೆ ಎದುರಾಗುತ್ತದೆ.

ಮೊದಲ ಭೇಟಿ ಸ್ಟೇಷನ್ನಿನ ಪಕ್ಕದಲ್ಲೇ ಆಗುತ್ತದೆ. ಜನ ಸ್ಟೇಷನ್ನಿನ ಕಮಾನು, ಗೋಪುರ, ಕಲ್ಲಿನ ನವಿಲುಗಳನ್ನು ನೋಡಿ ಬೆರಗಾಗಿ ಮುಂದೆ ಹೋಗಿಬಿಡುತ್ತಾರೆ. ಅದರ ಬಗಲಿಗೇ ಜನರಲ್ ಪೋಸ್ಟ್ ಆಫೀಸು ಇದೆ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ ಈ ಕಟ್ಟಡ 1913ರಲ್ಲಿ ಮುಗಿಯಿತು. ತಲೆಯೆತ್ತಿ ನೋಡಿದರೆ ವಿಜಯಪುರವನ್ನು ಕಂಡವರಿಗೆ ಗುರುತು ಹತ್ತದೆ ಇರದು. ಗೋಲಗುಮ್ಮಟದ ಮಾದರಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ಬೆಗ್ ಈ ಗುಮ್ಮಟ ಕಟ್ಟಿಸಿದ. ಒಳಗೆ ನಡುಮನೆಯಲ್ಲಿ ನಿಂತರೆ ನೆತ್ತಿಯ ಮೇಲೆ ಸುಮಾರು 65 ಅಡಿ ಅಗಲದ ಬಟ್ಟಲು. ಮೊಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿರುವ ಮೂಲ ಗುಮ್ಮಟದ ಒಳ ಅಗಲ ಸುಮಾರು 124 ಅಡಿ. ಅಂದರೆ ಇದು ಅದರ ಅರ್ಧದಷ್ಟು. ಆದರೂ ಕೌಂಟರಿನ ಸಾಲಿನಲ್ಲಿ ನಿಂತ ಜನರ ಮಾತು, ಸೀಲು ಗುದ್ದುವ ಸದ್ದು ಮೇಲಕ್ಕೇರಿ ಗುಂಯ್‌ಗುಟ್ಟುವಾಗ, ಹದಿನೇಳನೆಯ ಶತಮಾನದ ನಮ್ಮ ಗಾರೆಯವರ ಲೆಕ್ಕಾಚಾರ ಇಷ್ಟು ದೂರ ಬಂದು ಇನ್ನೂ ದುಡಿಯುತ್ತಿದೆಯಲ್ಲ ಎಂದು ಮೈ ಜುಮ್ಮೆನ್ನುತ್ತದೆ.

ಈ ಅಂಚೆ ಕಚೇರಿ ಕಟ್ಟಿದ ಕಾಲಕ್ಕೆ ವಿಜಯಪುರ ಮುಂಬೈ ಪ್ರಾಂತದ ಒಂದು ಜಿಲ್ಲೆ. ಧಾರವಾಡ, ಬೆಳಗಾವಿ, ಉತ್ತರ ಕನ್ನಡವೂ ಹಾಗೆಯೇ. ಆ ಜಿಲ್ಲೆಗಳ ಸರಕಾರ ನಡೆಯುತ್ತಿದ್ದದ್ದು ಫೋರ್ಟ್‌ನ ಕಚೇರಿಗಳಿಂದ. ಕಂದಾಯ, ಕಾಗದಪತ್ರ ಹೋಗಿಬರುತ್ತಿದ್ದ ಆ ದಾರಿಯಲ್ಲೇ ಕಲೆಯೂ ಓಡಾಡಿತು.

ಸ್ಟೇಷನ್ನಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಮರಗಳ ನೆರಳಿನಲ್ಲಿ ಸರ್ ಜೆ.ಜೆ. ಕಲಾಶಾಲೆ. ಪಾರ್ಸಿ ವ್ಯಾಪಾರಿ ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಇದು ಶುರುವಾಯಿತು. ಇಲ್ಲಿ ಪಾಠ ಹೇಳಲು ಬಂದ ಲಾಕ್‌ವುಡ್ ಕಿಪ್ಲಿಂಗನ ಮಗ ರಡ್ಯಾರ್ಡ್, ಮುಂದೆ ದೊಡ್ಡ ಲೇಖಕನಾದವನು, 1865ರಲ್ಲಿ ಹುಟ್ಟಿದ್ದು ಇದೇ ಆವರಣದಲ್ಲಿ. ಇಲ್ಲಿನ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ವರ್ಷಾನುಗಟ್ಟಲೆ ಅಜಂತಾ ಗುಹೆಗಳಲ್ಲಿ ಕೂತು ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸಿದ. ಸ್ಟೇಷನ್ನಿನ ಮೇಲೆ ನಾವು ನೋಡುವ ಎಲೆ, ಹೂ, ಪ್ರಾಣಿಗಳ ಕೆತ್ತನೆಯಲ್ಲೂ ಈ ಶಾಲೆಯ ಹುಡುಗರ ಕೈ ಇದೆ.

ಈ ಶಾಲೆಯ ಗೇಟಿನ ಮುಂದೆ ನಿಂತಾಗ ನನಗೆ ನೆನಪಾದವರು ಮೂವರು. ಧಾರವಾಡದ ಡಿ.ವಿ. ಹಾಲಭಾವಿ, ಕಲಬುರಗಿಯ ಎಸ್.ಎಂ. ಪಂಡಿತ, ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ. ಮೂವರೂ ಕನ್ನಡಿಗರು, ಮೂವರ ಊರೂ ಬೇರೆ ಬೇರೆ ಆಳ್ವಿಕೆಯಲ್ಲಿ. ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿದ್ದರೆ ಕಲಬುರಗಿ ನಿಜಾಮನ ಹೈದರಾಬಾದಿಗೆ, ಉಡುಪಿ ಮದ್ರಾಸ್ ಪ್ರಾಂತಕ್ಕೆ. ಕನ್ನಡ ನಾಡು ನಕಾಶೆಯ ಮೇಲೆ ಒಂದಾಗುವ ಮೊದಲೇ ಜೆ.ಜೆ.ಯ ತರಗತಿಗಳಲ್ಲಿ ಅದರ ಮೂರು ಮೂಲೆಗಳ ಕೈಗಳು ಇದ್ದಿಲಿನ ಕಡ್ಡಿ ಹಿಡಿದವು. ಹಾಲಭಾವಿಯವರು ಕಲಿತದ್ದನ್ನು ಧಾರವಾಡಕ್ಕೆ ಒಯ್ದು ಅಲ್ಲೊಂದು ಕಲಾಶಾಲೆ ಕಟ್ಟಿದರು. 1916ರಲ್ಲಿ ಹುಟ್ಟಿದ ಪಂಡಿತರು ಮುಂಬೈಯಲ್ಲೇ ಉಳಿದು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬಣ್ಣ ತುಂಬಿದರು. ರಾಜ್ ಕಪೂರರ ‘ಬರ್ಸಾತ್’ ಚಿತ್ರದ ಪೋಸ್ಟರು ಅವರದು. ನಮ್ಮ ಅಜ್ಜಿಯಂದಿರು ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿ ಇಟ್ಟುಕೊಂಡ ಎಷ್ಟೋ ದೇವರ ಪಟಗಳ ಮುಖಕಾಂತಿ ಪಂಡಿತರಂಥ ಕಲಾವಿದರ ಕುಂಚದಿಂದ ಬಂದದ್ದು. ಇಂದು ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು. ಹೆಬ್ಬಾರರ ಮಾತು ಈ ದಾರಿಯ ಕೊನೆಗೆ ಬರಲಿ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದೆ. ಎರಡೂ ಬದಿ ಕಲ್ಲುಕಂಬಗಳ ಸಾಲು, ಅದರ ಕೆಳಗೆ ನೆರಳಿನ ಕಾಲುದಾರಿ, ಆ ನೆರಳಿನಲ್ಲಿ ಗಡಿಯಾರ ರಿಪೇರಿಯವರು, ಹಳೆ ನಾಣ್ಯದವರು, ಪೆನ್ನಿನವರು. ಕಂಬದ ತಲೆಯಲ್ಲಿ ಒಂದೆಡೆ ಸಿಂಹದ ಮುಖ, ಇನ್ನೊಂದೆಡೆ ಹಣ್ಣಿನ ಗೊಂಚಲು. ರಸ್ತೆ ಕೊನೆಯಾಗುವಲ್ಲಿ 1864ರ ಫ್ಲೋರಾ ಫೌಂಟನ್. ಅದರ ಪಕ್ಕ, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಜೀವ ಕೊಟ್ಟವರ ನೆನಪಿಗೆ ನಿಂತ ಹುತಾತ್ಮ ಚೌಕದ ಸ್ಮಾರಕ. ಭಾಷೆಗೊಂದು ರಾಜ್ಯ ಬೇಕೆಂಬ ಹಂಬಲ ಅವರಿಗೂ ಇತ್ತು, ನಮಗೂ ಇತ್ತು. 1956ರಲ್ಲಿ ನಮ್ಮ ನಾಲ್ಕು ಜಿಲ್ಲೆಗಳು ಮುಂಬೈಯಿಂದ ಬಿಡುಗಡೆಯಾಗಿ ಮೈಸೂರು ರಾಜ್ಯ ಸೇರಿದವು. ಆ ಸ್ಮಾರಕದ ಮುಂದೆ ಒಂದು ಗಳಿಗೆ ನಿಂತು ಕೈಮುಗಿದೆ.

ಪೂರ್ವಕ್ಕೆ ತಿರುಗಿದರೆ ಹಾರ್ನಿಮನ್ ಸರ್ಕಲ್. ಅದರಾಚೆ ಬಿಳಿ ಕಂಬಗಳ ಟೌನ್ ಹಾಲ್, 1833ರದು, ಏಷ್ಯಾಟಿಕ್ ಸೊಸೈಟಿಯ ಮನೆ. ಆ ಅಗಲವಾದ ಮೆಟ್ಟಿಲುಗಳ ಮೇಲೆ ಕಾಲೇಜು ಹುಡುಗ ಹುಡುಗಿಯರು ಕೂತು ಎದುರಿನ ಕಟ್ಟಡಗಳ ಸ್ಕೆಚ್ ಮಾಡುತ್ತಿದ್ದರು. ಈ ಸೊಸೈಟಿಯ ಪತ್ರಿಕೆಯಲ್ಲಿ ಜೆ.ಎಫ್. ಫ್ಲೀಟ್ ನಮ್ಮ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ. ಮುಂಬೈ ಸರಕಾರದ ಅಧಿಕಾರಿಯಾಗಿ ಉತ್ತರ ಕರ್ನಾಟಕದಲ್ಲಿ ತಿರುಗಾಡಿದ ಈತ ಕಲ್ಲಿನ ಬರಹಗಳ ಜೊತೆಗೆ ಹಳ್ಳಿಯ ಲಾವಣಿಗಳನ್ನೂ ಬರೆದುಕೊಂಡು ಅಚ್ಚು ಹಾಕಿಸಿದ. ಆಳುವವನ ಕೆಲಸಕ್ಕೆ ಬಂದವನು ಆಳಿಸಿಕೊಂಡವರ ಹಾಡಿಗೆ ಕಿವಿಗೊಟ್ಟ ಎಂಬುದು ಆ ಮೆಟ್ಟಿಲ ಮೇಲೆ ಕೂತಾಗ ದೊಡ್ಡ ಸಂಗತಿಯಾಗಿ ಕಂಡಿತು.

ಮಧ್ಯಾಹ್ನವಾಗಿತ್ತು. ಫೋರ್ಟ್‌ನ ಒಳಗಲ್ಲಿಗಳಲ್ಲಿ ಮಂಗಳೂರು, ಉಡುಪಿ, ಕುಂದಾಪುರದವರ ಊಟದ ಮನೆಗಳಿಗೆ ಬರವಿಲ್ಲ. ಅಂಥ ಒಂದು ಕಡೆ ನೀರುದೋಸೆ, ಬಂಗುಡೆ ಗಸಿ ಹೇಳಿ ಕೂತೆ. ಗಲ್ಲೆಯ ಮೇಲೆ ಕೂತಿದ್ದ ಹಿರಿಯರಿಗೆ ನನ್ನ ಮಾತಿನ ಧಾಟಿ ಕೇಳಿಸಿತು.

“ಊರಲ್ಲಿ ಎಲ್ಲಿಯಾಯ್ತು ನಿಮ್ಗೆ?”

ಹೇಳಿದೆ. ಇಲ್ಲಿಗೆ ಯಾಕೆ ಬಂದದ್ದು ಎಂದು ಕೇಳಿದರು. ಚಿತ್ರ, ಶಿಲ್ಪ ನೋಡುವುದಕ್ಕೆ ಎಂದೆ. ಅವರ ಮುಖ ಅರಳಿತು.

“ನಾವು ಸಣ್ಣವರಿರುವಾಗ ಇಲ್ಲೇ ಫೋರ್ಟ್‌ನಲ್ಲಿ ಕನ್ನಡ ರಾತ್ರಿಶಾಲೆಗೆ ಹೋದದ್ದು. ಹಗಲೆಲ್ಲ ಟೇಬಲ್ ಒರಸೂದು, ರಾತ್ರಿ ಪುಸ್ತಕ. ವರ್ಷಕ್ಕೊಂದ್ಸಲ ಶಾಲೆಯ ದಿನ ಬಂತೂಂದ್ರೆ ಯಕ್ಷಗಾನ. ಅಭಿಮನ್ಯು ಮಾಡಿದ್ದೇನೆ ನಾನು. ಬಣ್ಣ ಹಚ್ಚಿದ ಮೇಲೆ ಹೋಟೆಲಿನ ಹುಡುಗ ಅಂತ ಯಾರು ಹೇಳ್ತಾರೆ?”

ದೊಡ್ಡ ಗ್ಯಾಲರಿಗಳ ಪಟ್ಟಿಯಲ್ಲಿ ಈ ಕಲೆಗೆ ಜಾಗವಿಲ್ಲ. ಆದರೆ ಫೋರ್ಟ್‌ನ ಕಲೆಯ ಕಥೆ ಹೇಳುವವರು ಇದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಹತ್ತು ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಬಂದ ಮಕ್ಕಳು ಬ್ಯಾಂಕು, ಷೇರುಪೇಟೆಗಳ ಈ ಬೀದಿಗಳಲ್ಲಿ ಹಗಲಿಡೀ ದುಡಿದು, ರಾತ್ರಿ ಅಕ್ಷರ ಕಲಿತು, ಅದರ ನಡುವೆ ಚೆಂಡೆ ಮದ್ದಳೆಯ ಲಯವನ್ನೂ ಉಳಿಸಿಕೊಂಡರು. ಹಿರಿಯರು ಹೊರಡುವಾಗ ಬಾಗಿಲ ತನಕ ಬಂದು ಕಾಲಾ ಘೋಡಾದ ದಾರಿ ತೋರಿಸಿದರು.

ಆ ದಾರಿ ಮುಟ್ಟುವುದು ಒಂದು ಚೌಕಕ್ಕೆ. ಸರ್ ಆಲ್ಬರ್ಟ್ ಸಸೂನ್ 1879ರಲ್ಲಿ ಇಲ್ಲಿ ಬ್ರಿಟನ್ನಿನ ಯುವರಾಜನ ಕುದುರೆ ಸವಾರಿಯ ಕಪ್ಪು ಪ್ರತಿಮೆ ನಿಲ್ಲಿಸಿದ. ಊರಿನ ಜನ ರಾಜಕುಮಾರನನ್ನು ಬಿಟ್ಟು ಕುದುರೆಯ ಹೆಸರನ್ನೇ ಜಾಗಕ್ಕೆ ಇಟ್ಟರು: ಕಾಲಾ ಘೋಡಾ, ಅಂದರೆ ಕಪ್ಪು ಕುದುರೆ. 1965ರಲ್ಲಿ ಆ ಪ್ರತಿಮೆ ಬೈಕುಲ್ಲಾದ ರಾಣಿಬಾಗಿಗೆ ಹೋಯಿತು. 2017ರಲ್ಲಿ ಹೊಸ ಕುದುರೆ ಬಂದಿದೆ, ಈ ಸಲ ಬೆನ್ನ ಮೇಲೆ ಯಾರೂ ಇಲ್ಲದೆ. ಅದರ ಸುತ್ತ ಕೂಗಳತೆಯಲ್ಲಿ ಏನೇನಿದೆ ನೋಡಿ: ಮಾಲಾಡ್‌ನ ಹಳದಿ ಕಲ್ಲಿನ ಡೇವಿಡ್ ಸಸೂನ್ ಲೈಬ್ರರಿ, 1884ರ ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ, ಒಂದು ಕಾಲದ ವಾಟ್ಸನ್ ಹೋಟೆಲ್ಲಿನ ಎರಕದ ಕಬ್ಬಿಣದ ಕಟ್ಟಡ. 1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಬಾರಿಗೆ ತೋರಿಸಿದ್ದು ಆ ಹೋಟೆಲ್ಲಿನಲ್ಲಿ. ನಮ್ಮ ದೇಶದ ಸಿನಿಮಾದ ಕಥೆ ಶುರುವಾಗುವುದು ಈ ಬೀದಿಯಿಂದ! 1999ರಲ್ಲಿ ಶುರುವಾದ ಕಾಲಾ ಘೋಡಾ ಕಲಾ ಉತ್ಸವ ಜನವರಿ, ಫೆಬ್ರವರಿಯ ಹೊತ್ತಿಗೆ ಒಂಬತ್ತು ದಿನ ಇಲ್ಲಿ ನಡೆಯುತ್ತದೆ. ಕುಣಿತ, ಸಂಗೀತ, ನಾಟಕ, ಪುಸ್ತಕ ಎಲ್ಲಕ್ಕೂ ಪ್ರವೇಶ ಉಚಿತ.

ಚೌಕದ ದಕ್ಷಿಣಕ್ಕೆ ತೋಟದ ನಡುವೆ ಇನ್ನೊಂದು ಗುಮ್ಮಟ. ಇದು 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಕೂಡ ಒಳಗಿನ ಕಮಾನುಗಳಿಗಾಗಿ ವಿಜಯಪುರದ ಕಡೆಗೇ ನೋಡಿದ. ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಕಂಡ ನೆಂಟ ಮಧ್ಯಾಹ್ನ ಮ್ಯೂಸಿಯಮ್ಮಿನಲ್ಲಿ ಮತ್ತೆ ಸಿಕ್ಕಂತಾಯಿತು.

ಒಳಗೆ ಶಿಲ್ಪಗಳ ಕೋಣೆಯಲ್ಲಿ ಕಾಲು ತಾವಾಗಿಯೇ ನಿಂತವು. ಎದುರಿಗೆ ಐಹೊಳೆಯ ಬ್ರಹ್ಮ. ಚಾಲುಕ್ಯರ ಕಾಲದ್ದು, ಏಳನೆಯ ಶತಮಾನದ ಕೆತ್ತನೆ. ಸುತ್ತ ಋಷಿಗಳು, ಹತ್ತಿರದಲ್ಲಿ ಹಂಸ. ಜೊತೆಗೆ ಅದೇ ಊರಿನಿಂದ ಬಂದ ಶಿವ, ವಿಷ್ಣು. ಈ ಫಲಕಗಳು ಐಹೊಳೆಯ ಗುಡಿಯ ಮಾಳಿಗೆಯಲ್ಲಿದ್ದವು. ಅಲ್ಲಿದ್ದಾಗ ಭಕ್ತರು ಕತ್ತಲಲ್ಲಿ ಕತ್ತು ಮೇಲಕ್ಕೆತ್ತಿ, ದೀಪದ ಬೆಳಕಿನಲ್ಲಿ ಕಂಡಷ್ಟು ಕಂಡಿರಬೇಕು. ಇಲ್ಲಿ ಅವು ಕಣ್ಣಳತೆಗೆ ಇಳಿದು ಬಂದಿವೆ. ಬೆರಳ ತುದಿಯ ಮಡಿಕೆ, ತುಟಿಯಂಚಿನ ನಗು, ಬಟ್ಟೆಯ ನೆರಿಗೆ ಎಲ್ಲವೂ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಯಾರೂ ಹತ್ತಿರದಿಂದ ನೋಡಲಾರದ ಎತ್ತರದಲ್ಲಿ ಕೂರಿಸಬೇಕಾದ ಕಲ್ಲಿಗೆ ಆ ಶಿಲ್ಪಿ ಇಷ್ಟೊಂದು ಪ್ರೀತಿ ಸುರಿದಿದ್ದಾನೆ! ಆ ಕೋಣೆಯಲ್ಲಿ ನನಗಾದ ಬೆರಗಿಗೆ ಸಮನಾದದ್ದು ಇಡೀ ಪ್ರಯಾಣದಲ್ಲಿ ಬೇರೆ ಇಲ್ಲ.

ಬೆರಗಿನ ಜೊತೆಗೆ ನೋವೂ ಇದೆ. ಮಾಳಿಗೆಯಿಂದ ಕಳಚಿದ ಕಲ್ಲು ತನ್ನ ಗುಡಿಯನ್ನು ಕಳೆದುಕೊಂಡಿದೆ. ಮಲಪ್ರಭೆಯ ದಂಡೆಯ ಆ ಕೆಂಪು ನೆಲ, ಮಂಟಪದ ತಂಪು, ಊರ ಮಕ್ಕಳ ಗಲಾಟೆ ಅದಕ್ಕೆ ಇಲ್ಲ. ಐಹೊಳೆ ಇದ್ದ ವಿಜಯಪುರ ಜಿಲ್ಲೆ ಮುಂಬೈ ಆಳ್ವಿಕೆಯಲ್ಲಿ ಇದ್ದದ್ದರಿಂದಲೇ ಈ ಕಲ್ಲುಗಳು ಈ ಊರು ಸೇರಿದವು. ಇಷ್ಟಾದರೂ ಇಲ್ಲಿ ಅವಕ್ಕೆ ದಿನವೂ ಹೊಸ ಕಣ್ಣುಗಳು ಸಿಗುತ್ತಿವೆ. ನಾನಿದ್ದಾಗ ಶಾಲಾ ಮಕ್ಕಳ ಒಂದು ತಂಡ ಬಂತು. ಒಬ್ಬಳು ಹುಡುಗಿ ಬ್ರಹ್ಮನ ಮುಖಗಳನ್ನು ಎಣಿಸಿ, ನಾಲ್ಕನೆಯದು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಅದು ಕಲ್ಲಿನೊಳಗೆ ಇದೆ ಎಂದು ಟೀಚರು ಹೇಳಿದರು. ಹುಡುಗಿ ಒಪ್ಪಿ ತಲೆಯಾಡಿಸಿದಳು.

ಮ್ಯೂಸಿಯಮ್ಮಿನ ಆವರಣಕ್ಕೆ ಅಂಟಿಕೊಂಡೇ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ. ಅದರ ಒಳಗೆ ಹೋಗುವ ಮೊದಲು ಹೆಬ್ಬಾರರನ್ನು ನೆನೆಯಬೇಕು. 1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರ ತಂದೆ ಗಣಪತಿಯ ಮೂರ್ತಿ ಮಾಡುತ್ತಿದ್ದವರು. ಮನೆಯಲ್ಲಿ ಮಣ್ಣಿನ ವಾಸನೆ, ಗದ್ದೆಯಲ್ಲಿ ಯಕ್ಷಗಾನದ ಚೆಂಡೆ, ಇವೆರಡರ ನಡುವೆ ಹುಡುಗ ಬೆಳೆದ. ಮುಂಬೈಗೆ ಬಂದು ದಂಡಾವತಿಮಠರ ನೂತನ ಕಲಾಮಂದಿರದಲ್ಲಿ, ಆಮೇಲೆ ಜೆ.ಜೆ.ಯಲ್ಲಿ ಕಲಿತರು, ಮುಂದೆ ಪ್ಯಾರಿಸ್ಸಿಗೂ ಹೋಗಿಬಂದರು. ಕಾಲಿನ ಲಯ ಗೆರೆಗೆ ಇಳಿಯಬೇಕೆಂದು ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ಕಲಿತರು. ಅವರ ರೇಖಾಚಿತ್ರಗಳಲ್ಲಿ ಒಂದೇ ಎಳೆಯ ಗೆರೆ ಹರಿದು, ಬಾಗಿ, ಸುತ್ತಿ ಕುಣಿಯುವ ಮೈಯಾಗುವುದನ್ನು ನೋಡಿದವರಿಗೆ ಆ ಕಲಿಕೆ ಸಾರ್ಥಕವಾದದ್ದು ತಿಳಿಯುತ್ತದೆ.

ನಲವತ್ತರ ದಶಕದ ಮುಂಬೈಯಲ್ಲಿ ಚಿತ್ರಕಾರರಿಗೆ ಚಿತ್ರ ತೂಗುಹಾಕುವುದೇ ದೊಡ್ಡ ಕಷ್ಟವಾಗಿತ್ತು. ಸೂಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ 1947ರಲ್ಲಿ ಪ್ರೋಗ್ರೆಸಿವ್ ಕಲಾವಿದರ ಗುಂಪು ಕಟ್ಟಿ, 1949ರಲ್ಲಿ ರಾಂಪಾರ್ಟ್ ರೋದಲ್ಲಿದ್ದ ಬಾಂಬೆ ಆರ್ಟ್ ಸೊಸೈಟಿಯ ಕೋಣೆಯಲ್ಲಿ ಮೊದಲ ಪ್ರದರ್ಶನ ಇಟ್ಟರು. ಊರಿಗೊಂದು ಸರಿಯಾದ ಗ್ಯಾಲರಿ ಬೇಕು ಎಂಬ ಒತ್ತಾಯ ಬಲವಾಯಿತು. ಆ ಒತ್ತಾಯದ ಮುಂಚೂಣಿಯಲ್ಲಿದ್ದವರು ಇಬ್ಬರು, ವಿಜ್ಞಾನಿ ಹೋಮಿ ಭಾಭಾ ಮತ್ತು ನಮ್ಮ ಹೆಬ್ಬಾರರು. ಸರ್ ಕಾವಸ್‌ಜಿ ಜಹಾಂಗೀರ್ ತೀರಿಕೊಂಡ ಮಗನ ಹೆಸರಿನಲ್ಲಿ ಕಟ್ಟಡದ ಪೂರ್ತಿ ಖರ್ಚು ಕೊಟ್ಟರು. ದುರ್ಗಾ ಬಾಜಪೇಯಿ ವಿನ್ಯಾಸ ಮಾಡಿದ ಕಾಂಕ್ರೀಟ್ ಕಟ್ಟಡ 1952ರಲ್ಲಿ ತೆರೆಯಿತು.

ಈ ಗ್ಯಾಲರಿ ಹೇಗೆ ನಡೆಯುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಕಲಾವಿದ ಅರ್ಜಿ ಹಾಕುತ್ತಾನೆ, ಸಮಿತಿ ಕೆಲಸ ನೋಡುತ್ತದೆ, ಒಪ್ಪಿದರೆ ಸರದಿ ಬರುವ ತನಕ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಒಂದು ವಾರಕ್ಕೆ ಗೋಡೆ ಬಾಡಿಗೆಗೆ ಸಿಗುತ್ತದೆ. ನೋಡಲು ಬರುವವರಿಗೆ ಟಿಕೆಟ್ ಇಲ್ಲ. ಹೈಕೋರ್ಟಿನ ವಕೀಲರು, ಡಬ್ಬಾವಾಲಾಗಳು, ಮಳೆ ಬಂತೆಂದು ಒಳಗೆ ಓಡಿದವರು, ಯಾರು ಬೇಕಾದರೂ ಬರಬಹುದು. ಇದೇ ಕಟ್ಟಡದ ಮೇಲಂತಸ್ತಿನಲ್ಲಿ 1963ರಲ್ಲಿ ಕೇಕೂ ಮತ್ತು ಖುರ್ಷಿದ್ ಗಾಂಧಿ ದಂಪತಿ ಶುರುಮಾಡಿದ ಕೆಮೋಲ್ಡ್ ಗ್ಯಾಲರಿ ದೇಶದ ದೊಡ್ಡ ಕಲಾವಿದರನ್ನು ಬೆಳೆಸಿತು. ಕೆಳಗೆ ಓಣಿಯಂಥ ಜಾಗದಲ್ಲಿ ಸಮೋವಾರ್ ಎಂಬ ಕೆಫೆ 1964ರಿಂದ 2015ರವರೆಗೆ ಇತ್ತು. ಕೈಯಲ್ಲಿ ಕಾಸಿಲ್ಲದ ಚಿತ್ರಕಾರರು ಒಂದು ಚಹಾ ಮುಂದಿಟ್ಟುಕೊಂಡು ಅಲ್ಲಿ ಇಡೀ ಸಂಜೆ ಕಳೆಯುತ್ತಿದ್ದರು.

ನಾನು ಹೋದಾಗ ಒಂದು ಕೋಣೆಯಲ್ಲಿ ಬಿಸಿಲೇ ಬಿಸಿಲು. ತೊಗರಿ ಹೊಲ, ಶಹಾಬಾದ್ ಕಲ್ಲಿನ ಮನೆಗಳು, ಜಾತ್ರೆಯಿಂದ ಮರಳುವ ಚಕ್ಕಡಿ. ನಾನು ಚಿತ್ರದ ಕೆಳಗಿನ ಹೆಸರು ಓದಿ ಕನ್ನಡದಲ್ಲಿ ಏನೋ ಅಂದುಕೊಂಡದ್ದು ಮೂಲೆಯಲ್ಲಿ ಕೂತಿದ್ದ ಯುವಕನಿಗೆ ಕೇಳಿಸಿತು.

“ನೀವು ನಮ್ಮ ಕಡಿಯವ್ರೇನ್ರಿ ಸರ್?”

ಕಲಬುರಗಿಯವನು. ಊರಲ್ಲಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರಿಕೆ. ಈ ಕೋಣೆಗೆ ಎಷ್ಟು ದಿನ ಕಾದಿರಿ ಎಂದು ಕೇಳಿದೆ.

“ಭಾಳ ವರ್ಷ ಆತ್ರಿ ಅರ್ಜಿ ಹಾಕಿ. ಚಿತ್ರ ಮಾರಾಟ ಆಗ್ತಾವೋ ಬಿಡ್ತಾವೋ, ಈ ವಾರ ಈ ಗೋಡಿ ನಂದದ ನೋಡ್ರಿ.”

ಹೊರಗೆ ಕಾಲುದಾರಿಯ ಕಂಬಿಗೆ ತೂಗುಹಾಕಿದ ಚಿತ್ರಗಳ ಇನ್ನೊಂದು ಸಾಲು ಇತ್ತು. ಒಳಗಿನ ಸರದಿಗೆ ಕಾಯುವವರು, ಕಾಯಲು ಮನಸ್ಸಿಲ್ಲದವರು ಇಲ್ಲಿ ಬಯಲಲ್ಲೇ ಪ್ರದರ್ಶನ ನಡೆಸುತ್ತಾರೆ. ಎದುರಿಗೆ ಕೂತವರ ಮುಖವನ್ನು ಪೆನ್ಸಿಲ್ಲಿನಲ್ಲಿ ಅಲ್ಲೇ ಬರೆದುಕೊಡುತ್ತಾರೆ. ರಸ್ತೆಯಾಚೆ 1911ರ ಕಾವಸ್‌ಜಿ ಜಹಾಂಗೀರ್ ಹಾಲ್, 1996ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಬಯಲ ಕಂಬಿ, ಬಾಡಿಗೆಯ ಗೋಡೆ, ದೇಶದ ಸಂಗ್ರಹ, ಮೂರೂ ಒಂದೇ ಬೀದಿಯಲ್ಲಿ ಇವೆ. ಕಂಬಿಯಿಂದ ಗೋಡೆಗೆ, ಗೋಡೆಯಿಂದ ಸಂಗ್ರಹಕ್ಕೆ ಇರುವ ದಾರಿಯನ್ನು ಇಲ್ಲಿನ ಹುಡುಗರು ಕಣ್ಣಾರೆ ನೋಡುತ್ತಾ ಬೆಳೆಯುತ್ತಾರೆ. ಫೋರ್ಟ್ ನನಗೆ ತೋರಿಸಿದ ದೊಡ್ಡ ಸಂಗತಿ ಇದು.

ಪ್ರತಿಭೆಗೆ ನಮ್ಮಲ್ಲಿ ಕೊರತೆ ಎಂದೂ ಇರಲಿಲ್ಲ. ಐಹೊಳೆಯ ಉಳಿ, ವಿಜಯಪುರದ ಗಾರೆ, ಕಟ್ಟಿಂಗೇರಿಯ ಗೆರೆ, ಕಲಬುರಗಿಯ ಬಣ್ಣ ಎಲ್ಲವೂ ನಮ್ಮಿಂದಲೇ ಇಲ್ಲಿಗೆ ಬಂದದ್ದು. ಬೆಂಗಳೂರಿನಲ್ಲಿ ವೆಂಕಟಪ್ಪ ಗ್ಯಾಲರಿ, ಚಿತ್ರಕಲಾ ಪರಿಷತ್ತು ಇವೆ. ವರ್ಷಕ್ಕೊಂದು ಭಾನುವಾರ ರಸ್ತೆ ತುಂಬ ಚಿತ್ರಸಂತೆ ನೆರೆಯುತ್ತದೆ. ಆದರೆ ಕಲಬುರಗಿಯ ಆ ಮಾಸ್ತರರ ವಿದ್ಯಾರ್ಥಿಗಳು ತಮ್ಮ ಮೇಷ್ಟರ ಚಿತ್ರಗಳನ್ನು ಗೋಡೆಯ ಮೇಲೆ ನೋಡಲು ಮುಂಬೈ ರೈಲು ಹತ್ತಬಾರದು. ಹೆಬ್ಬಾರರು ಮತ್ತು ಅವರ ಜೊತೆಯವರು ಕೇಳಿದ್ದು ಅರಮನೆಯನ್ನಲ್ಲ. ನೇರವಾದ ಬೆಳಕು, ಗಟ್ಟಿಯಾದ ಗೋಡೆ, ಯಾರೂ ತಡೆಯದ ಬಾಗಿಲು. ಅಷ್ಟನ್ನು ಒಬ್ಬ ದಾನಿ ಕೊಟ್ಟ, ಒಂದು ಊರು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಪಾಡಿಕೊಂಡು ಬಂತು. ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ, ಉಡುಪಿಯಲ್ಲಿ, ಜನ ಓಡಾಡುವ ಪೇಟೆಯ ನಡುವೆ, ಅಂಥ ಒಂದೊಂದು ಗೋಡೆ ಎದ್ದು ನಿಲ್ಲಬೇಕು. ಹಣವಿದ್ದವರು ನಮ್ಮಲ್ಲೂ ಇದ್ದಾರೆ. ಅವರ ಮನೆಬಾಗಿಲಿಗೆ ಹೋಗಿ ಹೆಬ್ಬಾರರಂತೆ ಬಿಡದೆ ಕೇಳುವವರು ಬೇಕು.